ರೆಕ್ಕೆಯೊಳಗಿನ ಸೀಮೆಸುಣ್ಣ

ಹನ್ನೊಂದನೆಯ ಕಂತು

"ಗಾಳಿ ಹೊಡೆದ್ರೆ ಕೋಳಿ ಮೊಟ್ಟೆ ಇಡಲ್ಲ ಕಣ್ರೀ," ಎಂದಳು ಮಿಸೆಸ್ ಓಟ್, ಕೋಳಿಗೂಡಿನ ಬಾಗಿಲಿಗೆ ಅಡ್ಡ ನಿಂತು. "ನೀವು ಅದನ್ನ ಕಿತ್ತುಕೊಂಡು ಹೋದ್ರೆ ಆ ಕಿಟಕಿಗೆ ನಾನು ಏನು ಮುಚ್ಚಲಿ? ನನ್ನ ಗಂಡನ್ನ ನಿಲ್ಲಿಸ್ಲಾ?"

"ನಿಂತ್ಕೊಳ್ಳೋಕೆ ಒಪ್ಪಿದ್ರೆ ನಿಲ್ಲಿಸಿ," ಎಂದಳು ಪೆತ್ರೊನೆಲಾ ವಿಲ್ಕ್. "ಇಲ್ದಿದ್ರೆ ಇದನ್ನ ಹೊಡೀರಿ."

ಚೀಲದಿಂದ ತೆಗೆದದ್ದು ಅವಳ ಅಡುಗೆಮನೆಯ ಮೇಜಿನ ಮೇಣಬಟ್ಟೆ. ಮಾಸಿತ್ತಾದರೂ ಹರಿದಿರಲಿಲ್ಲ. ಮಿಸೆಸ್ ಓಟ್ ಅದನ್ನು ಬೆಳಕಿಗೆ ಹಿಡಿದಳು, ಎಳೆದಳು, ಮೂಸಿಯೂ ನೋಡಿದಳು. ಆಮೇಲೆ ಬಾಗಿಲು ಬಿಟ್ಟು ಸರಿದಳು.

"ಮೊಳೆ ಮಾತ್ರ ವಾಪಸ್ ಕೊಡಿ," ಎಂದಳು.

ಕಿಟಕಿಗೆ ಬಡಿದಿದ್ದ ಹಳದಿ ಬಟ್ಟೆ ಒಂದು ಯುದ್ಧವಿಮಾನದ ಎಡರೆಕ್ಕೆಯ ಚೂರು. ಎರಡು ವಾರದ ಹಿಂದೆ, ಗೂಡಿನ ಆಚೆಗಿನ ಈರುಳ್ಳಿ ಹೊಲದ ಮೇಲೆ, ಲಾಥ್ರಪ್ ಕಾರ್ಖಾನೆಯ 'ಕೆಂಬಾಲ' ವಿಮಾನ ನೆಟ್ಟಗೆ ಧುಮುಕುವಾಗ ರೆಕ್ಕೆಯ ಬಟ್ಟೆ ಕಿತ್ತುಹೋಗಿ, ಅದನ್ನು ಪರೀಕ್ಷೆಗೆ ಹಾರಿಸುತ್ತಿದ್ದ ವಾರೆನ್ ಪೈಕ್ ಸತ್ತಿದ್ದ. ಮುರುಕನ್ನೆಲ್ಲ ಕಾರ್ಖಾನೆಯವರು ಅಂದೇ ಲಾರಿಯಲ್ಲಿ ಹೇರಿಕೊಂಡು ಹೋಗಿ ಸುಟ್ಟರು. ಉಳಿದದ್ದು ಮಿಸೆಸ್ ಓಟ್ ಕೋಳಿಗಳಿಗೆಂದು ಎತ್ತಿಟ್ಟುಕೊಂಡ ಈ ಒಂದು ಮಾರು ಬಟ್ಟೆ.

"ಬ್ರೊನ್ಯಾ, ಹಿಡ್ಕೊ. ನೆಲಕ್ಕೆ ತಾಗಿಸ್ಬೇಡ."

ಬ್ರೊನ್ಯಾ ಗಾಯ್ದಾ ಹಿಡಿದುಕೊಂಡಳು. ಕಾರ್ಖಾನೆಯ ರೆಕ್ಕೆ ಹಾಲಿನಲ್ಲಿ, ರೆಕ್ಕೆಗಳಿಗೆ ಬಟ್ಟೆ ಹೊದಿಸುವ ದೊಡ್ಡ ಕೋಣೆಯಲ್ಲಿ, ಹೊಲಿಯುವವಳು. ಹೊಲಿಗೆ ಬಿಟ್ಟು ಪೈಕನನ್ನು ಕೊಂದವಳು ಇವಳೇ ಎಂದು ಕಾರ್ಖಾನೆ ಹೇಳುತ್ತಿತ್ತು. ನಾಳೆ, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಅಲ್ಲಿ ಇವಳ ಹೆಸರು ಬರೆದುಬಿಟ್ಟರೆ ಬಫಲೋ ಊರಿನಲ್ಲಿ ಇವಳ ಕೈಗೆ ಸೂಜಿ ಕೊಡುವವರಿಲ್ಲ. ಅದರಿಂದಾಚೆಗೆ ಕೋರ್ಟು, ಜೈಲು. ಗಂಡನ ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿ ವರ್ಷವಾಗಿತ್ತು. ಮನೆಯಲ್ಲಿ ಮೂರು ಮಕ್ಕಳು.

ಪೆತ್ರೊನೆಲಾಗೆ ಅರವತ್ತೊಂದು. ಪೊಲೀಸ್ ಠಾಣೆಯಲ್ಲಿ ಇಪ್ಪತ್ತೆಂಟು ವರ್ಷ ಹೆಂಗಸರ ಕೊಠಡಿಯ ಕಾವಲಿಗಿದ್ದು ನಿವೃತ್ತಳಾದವಳು. ಊರಿನ ಪೋಲಿಷ್ ಮನೆಗಳಲ್ಲಿ ಅವಳು ಎಲ್ಲರಿಗೂ 'ಪಾನಿ ವಿಲ್ಕ್'. ಅಮ್ಮಾವ್ರು ಎಂದಂತೆ ಅದು. ವಿಮಾನದ ವಿಷಯ ಅವಳಿಗೆ ಏನೂ ತಿಳಿಯದು. ಸುಳ್ಳು ಹೇಳುವಾಗ ಜನರ ಕೈ ಏನು ಮಾಡುತ್ತದೆ ಎಂಬುದು ತಿಳಿಯುತ್ತಿತ್ತು.

ಹುಲ್ಲಿನ ಹೊರೆಯ ಮೇಲೆ ಬಟ್ಟೆ ಹರಡಿದರು. ಮೂರು ಉದ್ದನೆಯ ಪಟ್ಟಿಗಳು, ಪಟ್ಟಿಗಳ ಮೇಲೆ ಮುದ್ರೆ ಒತ್ತಿದ ಅಂಕಿ: ಐದು, ಆರು, ಏಳು.

"ಇವು ರೆಕ್ಕೆ ಪಕ್ಕೆಲುಬು ಇದ್ದ ಜಾಗ, ಪಾನಿ," ಎಂದಳು ಬ್ರೊನ್ಯಾ. "ಪ್ರತಿ ಪಕ್ಕೆಗೂ ಬಟ್ಟೆನ ದಾರದಲ್ಲಿ ಸುತ್ತಿ ಗಂಟು ಹಾಕ್ತೀವಿ. ಪ್ರೊಪೆಲ್ಲರ್ ಹತ್ರ ಗಾಳಿ ರಾಕ್ಷಸನ ಥರ ಇರತ್ತೆ, ಅಲ್ಲಿ ಎರಡು ಬೆರಳಿಗೊಂದು ಗಂಟು. ಆಚೆ ಕಡೆ ಗಾಳಿ ಕಮ್ಮಿ, ನಾಲ್ಕು ಬೆರಳಿಗೊಂದು."

ಪೆತ್ರೊನೆಲಾ ತನ್ನ ಬೆರಳಿಟ್ಟು ನೋಡಿದಳು. ನಾಲ್ಕು ಬೆರಳು. ಮತ್ತೆ ನಾಲ್ಕು. ಏಳನೆಯ ಪಕ್ಕೆಯವರೆಗೂ ನಾಲ್ಕೇ.

"ಬಿದ್ದ ವಿಮಾನ ಕೆಂಬಾಲದಲ್ಲಿ 'ಡಿ' ಬಗೆ ತಾನೆ? ಅದಕ್ಕೆಷ್ಟು?"

"'ಡಿ'ಗೆ ದೊಡ್ಡ ಇಂಜಿನ್ನು, ಉದ್ದ ಪ್ರೊಪೆಲ್ಲರ್. ಏಳನೇ ಪಕ್ಕೆವರೆಗೂ ಎರಡೇ ಬೆರಳು." ಬ್ರೊನ್ಯಾಳ ದನಿ ಇಳಿಯಿತು. "ಅವರು ಹೇಳೋದು ಇದನ್ನೇ. ಒಂದು ಬಿಟ್ಟು ಒಂದು ಗಂಟು ನುಂಗಿದಾಳೆ ಅಂತ. ನೋಡಿದ್ರೆ ಹಾಗೇ ಕಾಣತ್ತೆ. ನನ್ನ ಕೈಯಲ್ಲಿ ಹಂಗಾಗಲ್ಲ ಪಾನಿ. ನಿದ್ದೆಗಣ್ಣಲ್ಲೂ ಆಗಲ್ಲ."

"ಮೊದಲಿನ 'ಬಿ'ಗೆ?"

"'ಬಿ'ಗೆ ಚಿಕ್ಕ ಇಂಜಿನ್ನು. ನಾಲ್ಕನೇ ಪಕ್ಕೆವರೆಗೆ ಎರಡು ಬೆರಳು, ಐದರಿಂದಾಚೆಗೆ ನಾಲ್ಕು."

ಇಬ್ಬರೂ ಬಟ್ಟೆಯನ್ನು ನೋಡಿದರು. ಗೂಡಿನೊಳಗೆ ಒಂದು ಕೋಳಿ ಗೊಣಗಿತು.

ಪೆತ್ರೊನೆಲಾ ಬಟ್ಟೆಯನ್ನು ಮಗುಚಿದಳು. ಒಳಮೈ ಬೂದು. ಐದನೆಯ ಪಕ್ಕೆಯ ತಲೆಭಾಗದಲ್ಲಿ, ರೆಕ್ಕೆಯ ಮುಂದಂಚಿನ ತೆಳುಹಲಗೆಗೆ ಅಂಟಿಕೊಂಡಿದ್ದ ಕಡೆ, ಬಿಳಿಯ ಗೀಚು. ಉಗುರಿನಿಂದ ಕೆರೆದಳು, ಏಳಲಿಲ್ಲ. ಬಟ್ಟೆ ಬಿಗಿಯಲು ಬಳಿಯುವ ವಾರ್ನಿಷು ಒಳಗಿಳಿದು ಅದನ್ನು ಹಿಡಿದುಕೊಂಡಿತ್ತು.

ಗೀಚು ತಲೆಕೆಳಗಲ್ಲ, ಹಿಂದುಮುಂದು; ಹಲಗೆಯ ಮೇಲೆ ಬರೆದದ್ದು ಬಟ್ಟೆಗೆ ಅಚ್ಚಾಗಿತ್ತು. ಅವಳು ಚೀಲದಲ್ಲಿ ತಡಕಿ ಪುಟ್ಟ ಕನ್ನಡಿ ತೆಗೆದಳು. ಅದರಲ್ಲಿ ನೋಡಿದಾಗ ಬರಹ ನೆಟ್ಟಗಾಯಿತು. ಮೂರು ಅಕ್ಷರ, ನಡುನಡುವೆ ಶಿಲುಬೆ. ಕ್ರಿಸ್‌ಮಸ್ ಕಥೆಯ ಮೂರು ರಾಜರ ಹೆಸರಿನ ಮೊದಲಕ್ಷರಗಳು. ಪೆತ್ರೊನೆಲಾಳ ಮನೆಯ ಬಾಗಿಲಿನ ಮೇಲೂ, ಬ್ರೊನ್ಯಾಳ ಬಾಗಿಲಿನ ಮೇಲೂ ಇರುವ ಬರಹವೇ. ಜನವರಿಯಲ್ಲಿ ಮೂರು ರಾಜರ ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿ ಕೊಡುವ ಸೀಮೆಸುಣ್ಣದಲ್ಲಿ ಬರೆಯುವುದು. ಅಕ್ಷರಗಳ ಪಕ್ಕದಲ್ಲಿ, ವಾಡಿಕೆಯಂತೆ, ವರ್ಷ.

ಸಾವಿರದ ಒಂಬೈನೂರ ಮೂವತ್ತೊಂದು.

"ಈಗ ನಡೀತಿರೋದು ಮೂವತ್ತೆರಡನೇ ಇಸವಿ," ಎಂದಳು ಪೆತ್ರೊನೆಲಾ ಮೆಲ್ಲಗೆ. "'ಡಿ' ಕಟ್ಟಿದ್ದು ಹೋದ ತಿಂಗಳು ಅಂತ ಕಾಗದ ಹೇಳತ್ತೆ. ನೀನು ರೆಕ್ಕೆ ಹಾಲಿಗೆ ಸೇರಿದ್ದು ಯಾವಾಗ?"

ಬ್ರೊನ್ಯಾ ಬಟ್ಟೆಯನ್ನು ಮತ್ತೆ ಮಗುಚಲು ಕೈ ಹಾಕಿದಳು. ಅವಳ ಮುಖ ಬಿಳಿಚಿತ್ತು.

"ಕೇಳಿದೆ ನಿನ್ನ."

"ಹೋದ ಅಕ್ಟೋಬರಲ್ಲಿ. ಪಾನಿ, ಇದನ್ನ ನೀವು ನೋಡ್ಲೇ ಇಲ್ಲ ಅನ್ಕೊಳಿ."

"ಹುಚ್ಚು ಹಿಡಿದಿದೆಯಾ ನಿನಗೆ? ಇದು ನಿನ್ನ ಕೊರಳ ಹಗ್ಗ ಕೊಯ್ಯೋ ಕತ್ತರಿ."

"ಹಾಲಲ್ಲಿ ಹೊಲಿಯೋ ಉಳಿದ ಮೂವತ್ತೆರಡು ಜನರ ಅನ್ನಾನೂ ಕೊಯ್ಯತ್ತೆ," ಎಂದಳು ಬ್ರೊನ್ಯಾ. "ರೆಕ್ಕೆ ಒಳಗೆ ಒಂದು ಗೆರೆ ಎಳೆದ್ರೂ ಕೆಲಸ ಹೋಯ್ತು, ಅದು ಕಾರ್ಖಾನೆ ಕಾನೂನು. ಆದ್ರೂ ವರ್ಷದ ಮೊದಲನೇ ರೆಕ್ಕೆ ಮುಚ್ಚೋ ಮುಂಚೆ ಹಾಲಿನ ಹಿರಿಯಳು ಬರೀತಾಳೆ. ಒಳಗೆ ಕೂತು ಹಾರೋನು ಯಾರ ಮಗನೋ, ಮನೆಗೆ ಬರಲಿ ಅಂತ. ಹೊರಗೆ ಹೇಳಲ್ಲ ಅಂತ ಎಲ್ಲರೂ ಆಣೆ ಮಾಡಿದೀವಿ. ಗೇಟಿನ ಮುಂದೆ ದಿನಾ ಇನ್ನೂರು ಹೆಂಗಸರು ಕೆಲಸಕ್ಕೆ ಅಂತ ನಿಂತಿರ್ತಾರೆ. ನೀವೇ ನೋಡಿದೀರಲ್ಲ."

ಪೆತ್ರೊನೆಲಾ ನೋಡಿದ್ದಳು. ಬಟ್ಟೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಹಿರಿಯಳು ಯಾರು?"

ಬ್ರೊನ್ಯಾ ಈರುಳ್ಳಿ ಹೊಲದ ಕಡೆಗೆ ಮುಖ ತಿರುಗಿಸಿದಳು. ರಾತ್ರಿ ಬಿದ್ದ ಹೊಸ ಹಿಮ ಹೊಲದ ಗಾಯವನ್ನು ಮುಚ್ಚಿತ್ತು.

"ನಿಮಗೆ ಗೊತ್ತಿದೆ," ಎಂದಳು.

*

ಕಾರ್ಖಾನೆಯ ಗೇಟಿನ ಕಾವಲುಗಾರ ಒಂದು ಕಾಲದಲ್ಲಿ ಪೆತ್ರೊನೆಲಾಳ ಠಾಣೆಯ ಬೆಂಚಿನ ಮೇಲೆ ಅಮಲಿಳಿಸಿಕೊಂಡು ಎದ್ದುಹೋಗುತ್ತಿದ್ದವನು. ಅವಳನ್ನು ಕಂಡೊಡನೆ ಟೋಪಿ ತೆಗೆದು, ಒಳಗೆ ಬಿಡಕೂಡದೆಂಬ ಆಜ್ಞೆಯಿದ್ದ ಬ್ರೊನ್ಯಾ ತನಗೆ ಕಾಣಿಸಲೇ ಇಲ್ಲವೆಂಬಂತೆ ಆಕಾಶ ನೋಡಿದ.

ಒಳಗೆ, ಬಣ್ಣದ ಶೆಡ್ಡಿನ ಬಾಗಿಲಲ್ಲಿ, ಇರಾ ಟಟಲ್ ಡಬ್ಬಿಯ ಮೇಲೆ ಕೂತು ಪೈಪು ಸೇದುತ್ತಿದ್ದ. ವಿಮಾನಗಳ ಬಾಲದ ಮೇಲೆ ಹೆಸರು, ಅಂಕಿ ಬರೆಯುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಅದೇ.

"ಕೆಂಬಾಲದಲ್ಲಿ ಎಷ್ಟು ಬಗೆ, ಮಿಸ್ಟರ್ ಟಟಲ್?" ಎಂದು ಕೇಳಿದಳು ಪೆತ್ರೊನೆಲಾ.

"ಅಕ್ಷರ ಎಷ್ಟಿದ್ಯೋ ಅಷ್ಟು. 'ಎ'ಗೆ ಉದ್ದ ಮೂಗು, ನೀರಲ್ಲಿ ತಣಿಯೋ ಇಂಜಿನ್ನು. 'ಬಿ' ಅದರ ತಮ್ಮ. 'ಸಿ'ಗೆ ದುಂಡು ಮೂತಿ, ಹಂದಿ ಥರ. 'ಡಿ'ಗೆ ದೊಡ್ಡ ಇಂಜಿನ್ನು. 'ಇ' ಹೊರದೇಶಕ್ಕೆ. 'ಎಫ್' ನೌಕಾಪಡೆಗೆ, ಬಾಲದಲ್ಲಿ ಕೊಕ್ಕೆ, ಹಡಗಿನ ಮೇಲೆ ಇಳಿಯೋಕೆ." ಅವನು ಉಗಿದ. "ಅಕ್ಷರ ಬದಲಾದ್ರೆ ವಿಮಾನ ಹೊಸದು ಅಂತ ವಾಷಿಂಗ್ಟನ್‌ನೋರು ಅನ್ಕೋತಾರೆ. ನನಗೆ ಅದು ಅರ್ಧ ಡಬ್ಬಿ ಬಣ್ಣ."

"ಅಂದ್ರೆ?"

"ಅಂದ್ರೆ ಒಂದೇ ಬಾಲಕ್ಕೆ ಮೂರು ಹೆಸರು ಬರೆದಿದೀನಿ ಅಂತ. ಸೇನೆಯೋರು ನೋಡೋಕೆ ಬರೋ ದಿನ ಹತ್ರ ಆಗತ್ತೆ, ಹೊಸದು ಕಟ್ಟೋಕೆ ಟೈಮ್ ಇರಲ್ಲ. ಹಳೇದನ್ನ ಎಳಕೊಂಡು ಬಂದು ಇಂಜಿನ್ ಬದಲಾಯಿಸ್ತಾರೆ. 'ಟಟಲ್, ಒಂದು ಅಕ್ಷರ ಬದಲಾಯಿಸು' ಅಂತಾರೆ ಹ್ಯಾಲಕ್ ಸಾಹೇಬರು. ಬದಲಾಯಿಸ್ತೀನಿ."

ಲೈಮನ್ ಹ್ಯಾಲಕ್ ಕಾರ್ಖಾನೆಯ ಮುಖ್ಯ ಇಂಜಿನಿಯರು. ಬ್ರೊನ್ಯಾಳ ಹೆಸರನ್ನು ವಿಚಾರಣೆಗೆ ಕಳಿಸಿದವನು ಅವನೇ.

ಪೆತ್ರೊನೆಲಾ ನೋಟ್‌ಬುಕ್ ತೆಗೆದಳು. "ಹೋದ ತಿಂಗಳು 'ಡಿ-ಒಂದು' ಅಂತ ಬರೆದ್ರಲ್ಲ, ಅದರ ಕೆಳಗೆ ಏನಿತ್ತು?"

ಟಟಲ್ ಪೈಪನ್ನು ಡಬ್ಬಿಯ ಅಂಚಿಗೆ ಕುಟ್ಟಿ ಬೂದಿ ಉದುರಿಸಿದ. ಆಮೇಲೆ, "ಪೈಕ್ ನನ್ನ ಜೊತೆ ಇಸ್ಪೀಟು ಆಡ್ತಿದ್ದ," ಎಂದ, ಯಾರೋ ಕೇಳಿದ ಹಾಗೆ.

"'ಬಿ-ಏಳು'," ಎಂದ. "ರೆಕ್ಕೆ ಮುಟ್ಟಲೇ ಇಲ್ಲ. ಮೇಲೆ ಒಂದು ಕೈ ಹೊಸ ಹಳದಿ ಬಳಿದ್ವಿ, ಅಷ್ಟೇ. ಅದರ ಜೊತೆದು 'ಬಿ-ಎಂಟು'. ಅದಕ್ಕೂ ದೊಡ್ಡ ಇಂಜಿನ್ ಕೂರಿಸಿ ಅದೇ ಸಂಸ್ಕಾರ ಆಯ್ತು ಹೋದ ವಾರ. ಈಗ ಅದು 'ಎಫ್-ಒಂದು'. ನಾನು ಇದನ್ನ ಹೇಳ್ಲಿಲ್ಲ. ಕೋರ್ಟಲ್ಲಿ ಕೇಳಿದ್ರೂ ಹೇಳಲ್ಲ. ಇನ್ನೆರಡು ವರ್ಷಕ್ಕೆ ನನಗೆ ಪಿಂಚಣಿ."

ಅವಳು ಎರಡೂ ಸಾಲು ಬರೆದುಕೊಂಡಳು. ಎರಡನೆಯ ಸಾಲು ಆ ಹೊತ್ತಿನಲ್ಲಿ ಅವಳಿಗೆ ಬೇಕಾಗಿರಲಿಲ್ಲ. ಠಾಣೆಯ ಅಭ್ಯಾಸ, ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು.

ಮೈದಾನದ ಕಡೆಯಿಂದ ಇಂಜಿನ್ನಿನ ಗುಡುಗು ಕೇಳಿತು. ಕೆಂಪು ಬಾಲವೊಂದು ಶೆಡ್ಡುಗಳ ಮೇಲೆ ಎದ್ದು ಮೋಡದತ್ತ ಹೋಯಿತು.

*

ರೆಕ್ಕೆ ಹಾಲಿನಲ್ಲಿ ಊಟದ ಬಿಡುವು. ಮರದ ಸ್ಟ್ಯಾಂಡುಗಳ ಮೇಲೆ ಬಟ್ಟೆ ಕಾಣದ ಬೆತ್ತಲೆ ರೆಕ್ಕೆಗಳು, ಅವುಗಳ ಆಚೆ ಹೆಂಗಸರು ಗುಂಪುಗುಂಪಾಗಿ. ಬಾಗಿಲ ಪಕ್ಕದಲ್ಲಿ ಸಾಲಾಗಿ ಅವರ ಕಪ್ಪು, ಕಂದು ಕೋಟುಗಳು. ಕೋಟುಗಳ ಕೆಳಗೆ ಬಿಳಿ ಬಟ್ಟೆಯ ಎರಡು ಥಾನು, ಕೆಂಪು ದಾರ ಕಟ್ಟಿ ಬೇರೆ ಇಟ್ಟದ್ದು.

"ಅವು ಮೈದಾನಕ್ಕೆ," ಎಂದು ಬ್ರೊನ್ಯಾ ಪಿಸುಗುಟ್ಟಿದಳು. "ಮೇಲಿರೋನನ್ನ ಬೇಗ ಇಳಿಸ್ಬೇಕು ಅಂದ್ರೆ ಶಿಲುಬೆ ಥರ ಹಾಸ್ತಾರೆ. ಅವನಿಗೆ ಬೇರೆ ಹೇಗೂ ಹೇಳೋಕಾಗಲ್ವಲ್ಲ."

ಹಾಲಿನ ಮೇಸ್ತ್ರಿ ಸಲೋಮೆಯಾ ಕುಬ್ಯಾಕ್ ತನ್ನ ಮೇಜಿನಲ್ಲಿ ಒಬ್ಬಳೇ ಕೂತಿದ್ದಳು. ಐವತ್ತೆರಡು ವರ್ಷ, ಬೆನ್ನು ಕೋಲಿನಂತೆ, ಸೊಂಟದಲ್ಲಿ ಪಟ್ಟಿಗೆ ಕಟ್ಟಿದ ಕತ್ತರಿ. ಬ್ರೊನ್ಯಾಳಿಗೆ ಇಲ್ಲಿ ಕೆಲಸ ಕೊಡಿಸಿದವಳು. ಬ್ರೊನ್ಯಾಳ ಕಿರಿಮಗಳನ್ನು ಎತ್ತಿಕೊಂಡು ಜ್ಞಾನಸ್ನಾನ ಮಾಡಿಸಿದವಳು. ಅದಕ್ಕೇ ಬ್ರೊನ್ಯಾ ಅವಳನ್ನು 'ಕುಮಾ' ಎನ್ನುವುದು. ಬೀಗಿತ್ತಿಗಿಂತ ಹತ್ತಿರದ ನಂಟು.

"ಬನ್ನಿ ಪಾನಿ, ಕೂತ್ಕೊಳಿ," ಎಂದಳು ಸಲೋಮೆಯಾ. "ತಪಸ್ಸುಕಾಲದ ಉಪವಾಸ. ಉಪ್ಪು ಮೀನು, ಕಪ್ಪು ರೊಟ್ಟಿ ಬಿಟ್ರೆ ಏನಿಲ್ಲ." ಬ್ರೊನ್ಯಾಳನ್ನು ನೋಡಲಿಲ್ಲ. "ಇವಳನ್ನ ಒಳಗೆ ಬಿಟ್ಟೋರು ಯಾರು?"

ಪೆತ್ರೊನೆಲಾ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ, ಬಟ್ಟೆಯನ್ನು ಒಳಮೈ ಮೇಲಾಗಿ ಹರಡಿದಳು. ಪಕ್ಕದಲ್ಲಿ ಕನ್ನಡಿ ಇಟ್ಟಳು.

ಸಲೋಮೆಯಾಳ ಮುಖ ಬದಲಾಗಲಿಲ್ಲ. ಕೈ ಮಾತ್ರ ಮೀನಿನ ಮುಳ್ಳನ್ನು ಹುಡುಕುತ್ತಲೇ ಇತ್ತು, ಮುಳ್ಳಿಲ್ಲದ ಕಡೆ.

"ಯಾರೋ ಮಕ್ಕಳು ಗೀಚಿರ್ಬೇಕು," ಎಂದಳು.

"ರೆಕ್ಕೆ ಒಳಗೆ ಯಾವ ಮಗು ಹೋಗಿತ್ತು?"

"ನನಗೆ ಗೊತ್ತಿಲ್ಲ."

"ಸಲೋಮೆಯಾ, ಇಪ್ಪತ್ತೆಂಟು ವರ್ಷ ನನಗೆ ಗೊತ್ತಿಲ್ಲ ಅನ್ನೋರ ಜೊತೇಲೇ ಇದ್ದೆ. ನೀನು ಚೆನ್ನಾಗಿ ಹೇಳಲ್ಲ. ನಿನಗೆ ಅಭ್ಯಾಸ ಇಲ್ಲ." ಪೆತ್ರೊನೆಲಾ ಕನ್ನಡಿಯನ್ನು ಅವಳ ಕಡೆಗೆ ತಳ್ಳಿದಳು. "ಇದು ಮೂವತ್ತೊಂದರ ಜನವರಿ. ಆಗ ಹಾಲಿನಲ್ಲಿ ಹಿರಿಯಳು ನೀನು. ಇವಳು ಆಗ ಮನೇಲಿ ಮಗುಗೆ ಹಾಲು ಕುಡಿಸ್ತಾ ಇದ್ಲು. ಈ ರೆಕ್ಕೆ 'ಡಿ'ದಲ್ಲ, 'ಬಿ-ಏಳು'ದು. ನೀನು 'ಬಿ'ಗೆ ಹೊಲಿದೆ, ಸರಿಯಾಗೇ ಹೊಲಿದೆ. ಅದರ ಮುಂದೆ ದೊಡ್ಡ ಇಂಜಿನ್ ಕೂರಿಸಿದೋನು ಹ್ಯಾಲಕ್. ಈ ಹಾಲಿನಲ್ಲಿ ತಪ್ಪು ಮಾಡ್ದೋರು ಯಾರೂ ಇಲ್ಲ. ನಿನಗಿದು ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಸಲೋಮೆಯಾ.

ಒಪ್ಪಿಗೆ ಅಷ್ಟು ಬೇಗ ಬರುತ್ತದೆಂದು ಪೆತ್ರೊನೆಲಾ ಎಣಿಸಿರ‍ಲಿಲ್ಲ.

"ಮುರುಕಲ್ಲಿ ಹ್ಯಾಲಕ್‌ಗೆ ಆ ಹಲಗೆ ಸಿಕ್ತು. ನನ್ನ ಬರಹ ಅದರ ಮೇಲೆ. ಕರೆಸಿ ಕೂರಿಸ್ದ. 'ಸೇನೆ ವಿಮಾನದೊಳಗೆ ಗುಪ್ತ ಬರಹ. ನಾನು ಇದನ್ನ ತೋರಿಸಿದ್ರೆ ನಿಮ್ಮ ಅಷ್ಟೂ ಪೋಲಿಷ್ ಹೆಂಗಸರು ಗೇಟಿನಾಚೆ. ತೋರಿಸಲ್ಲ. ನನಗೆ ಒಂದು ಹೆಸರು ಸಾಕು' ಅಂದ. ಆ ರೆಕ್ಕೆಯ ಕೆಲಸದ ಕಾರ್ಡು ಹೊಸದಾಗಿ ಬರೆದಿಟ್ಟಿದ್ದ. ಹೊಲಿದವರು ಅನ್ನೋ ಜಾಗ ಮಾತ್ರ ಖಾಲಿ."

"ನೀನು ತುಂಬಿದೆ."

"ಮೂವತ್ತೆರಡು ಮನೆ ಪಾನಿ. ಒಂದು ಕಡೆ ಮೂವತ್ತೆರಡು, ಒಂದು ಕಡೆ ಒಂದು. ನೀವಾಗಿದ್ರೆ ಏನು ಮಾಡ್ತಿದ್ರಿ?"

"ನನ್ನ ಹೆಸರು ಬರೀತಿದ್ದೆ," ಎಂದಳು ಪೆತ್ರೊನೆಲಾ.

ಸಲೋಮೆಯಾ ನಕ್ಕಳು. ನಗೆಯಲ್ಲಿ ಉಪ್ಪು ಮೀನಿನಷ್ಟೂ ರುಚಿ ಇರಲಿಲ್ಲ. "ಬಾಯಲ್ಲಿ ಸುಲಭ. ನಾನು ಗಂಡ ಸತ್ತೋಳು, ನನಗಿರೋನು ಒಂದೇ ಮಗ."

"ನನ್ನದೇ ಯಾಕೆ, ಕುಮಾ?" ಎಂದಳು ಬ್ರೊನ್ಯಾ. ಇಷ್ಟು ಹೊತ್ತು ಕೋಟುಗಳ ಪಕ್ಕ ನಿಂತಿದ್ದವಳು ಈಗ ಮೇಜಿನ ಹತ್ತಿರ ಬಂದಿದ್ದಳು. "ಅಷ್ಟು ಜನ ಇದ್ರಲ್ಲ."

"ಕೊನೇಲಿ ಸೇರಿದವಳು ನೀನು. ಮತ್ತೆ…" ಸಲೋಮೆಯಾ ಮೊದಲ ಬಾರಿ ಅವಳ ಮುಖ ನೋಡಿದಳು. "ನೀನಾದ್ರೆ ನನ್ನ ಮೇಲೆ ಹೇಳಲ್ಲ ಅಂತ ಗೊತ್ತಿತ್ತು."

ಹಾಲಿನ ಆಚೆ ತುದಿಯಲ್ಲಿ ಹೆಂಗಸರು ರೊಟ್ಟಿ ಕೈಯಲ್ಲೇ ಹಿಡಿದು ಇತ್ತ ನೋಡುತ್ತಿದ್ದರು. ಮೇಲೆ, ದೂರದಲ್ಲಿ, ಇಂಜಿನ್ನು ಒಂದೇ ಸಮನೆ ಏರುತ್ತಿತ್ತು.

"ಹ್ಯಾಲಕ್ ಬರೀ ಬೆದರಿಸ್ಲಿಲ್ಲ," ಎಂದಳು ಪೆತ್ರೊನೆಲಾ. "ಏನೋ ಕೊಟ್ಟ. ಏನು ಕೊಟ್ಟ?"

ಸಲೋಮೆಯಾ ರೊಟ್ಟಿಯ ಚೂರುಗಳನ್ನು ಒಂದು ಕಡೆ ಕೂಡಿಸಿದಳು.

"ಪೈಕ್ ಕೂತಿದ್ದ ಜಾಗ. ಮೂರನೇ ದಿನ ನನ್ನ ಸ್ಟಾಶೆಕ್‌ನ ಕರೆದು ಕೊಟ್ಟ. ಐದು ವರ್ಷ ಇಂಜಿನ್ ತೊಳೆದ ಹುಡುಗ ಪಾನಿ, ಹಾರೋದು ಕಲಿತು ಎರಡು ವರ್ಷ ಆಗಿದ್ರೂ ಪೋಲಿಷ್‌ನೋನು ಅಂತ ಹತ್ತಿಸ್ತಿರಲಿಲ್ಲ. ಈಗ ಮೇಲಿರೋನು ಅವನೇ. ನೌಕಾಪಡೆಯ ಇಬ್ಬರು ಅಧಿಕಾರಿಗಳು ಬಂದಿದಾರೆ. ಅವರ ಮುಂದೆ ಮೂರು ಮೈಲಿ ಎತ್ತರದಿಂದ ನೆಟ್ಟಗೆ ಇಳಿಸಿ ತೋರಿಸ್ತಾನೆ." ದನಿಯಲ್ಲಿ ಅವಳಿಗೇ ತಿಳಿಯದೆ ಹೆಮ್ಮೆ ಬಂತು. "ಅದು ಹೊಸ ವಿಮಾನ. ರೆಕ್ಕೆ ಯಾರು ಹೊಲಿದಿದ್ದು ಅಂತ ನಾನೇ ಹ್ಯಾಲಕ್‌ನ ಕೇಳಿದೆ. ನೌಕಾಪಡೆ ಕಾರ್ಖಾನೇಲೇ ಹೊಲಿದು ಕಳಿಸಿದಾರೆ ಅಂದ."

"ವಿಮಾನದ ಹೆಸರು?"

"'ಎಫ್-ಒಂದು'."

ಪೆತ್ರೊನೆಲಾ ನೋಟ್‌ಬುಕ್ಕಿನ ಮೇಲಿದ್ದ ಕೈಯನ್ನು ತೆಗೆಯಲಿಲ್ಲ. "ಆ ಜನವರೀಲಿ ನೀನು ಹೊಲಿದದ್ದು 'ಬಿ-ಏಳು' ಒಂದೇನಾ?"

"ಎರಡು. ಒಂದೇ ವಾರ. ಏಳು, ಎಂಟು. ಒಂದಕ್ಕೆ ಬರೆದು ಇನ್ನೊಂದಕ್ಕೆ ಬಿಡೋಕೆ ಮನಸ್ಸು ಬರಲಿಲ್ಲ, ಎರಡಕ್ಕೂ ಬರೆದೆ. ಒಂದೇ ಜಾಗದಲ್ಲಿ. 'ಬಿ-ಎಂಟು' ದಕ್ಷಿಣದ ಯಾವ್ದೋ ದೇಶಕ್ಕೆ ಹಡಗು ಹತ್ತಿತಂತೆ. ಯಾಕೆ?"

ಪೆತ್ರೊನೆಲಾ ನೋಟ್‌ಬುಕ್ ತೆರೆದು ಮೇಜಿನ ಮೇಲೆ ತಿರುಗಿಸಿಟ್ಟಳು. ಬೆರಳಿನಿಂದ ಎರಡನೆಯ ಸಾಲು ತೋರಿಸಿದಳು.

ಸಲೋಮೆಯಾ ಓದಿದಳು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ. ಬಿ-ಎಂಟು, ಈಗ ಎಫ್-ಒಂದು.

ಅವಳು ಕಿರುಚಲಿಲ್ಲ. ಎದ್ದ ರಭಸಕ್ಕೆ ಬೆಂಚು ಮಗುಚಿತು, ಅಷ್ಟೇ. ಬಾಗಿಲಿಗೆ ಓಡಿ, ಒಂದು ಥಾನನ್ನು ತಾನು ಎತ್ತಿ, ಇನ್ನೊಂದನ್ನು ಹತ್ತಿರ ಬಂದ ಹೆಂಗಸಿನ ತೋಳಿಗೆ ಎಸೆದಳು. ಹಾಲಿನ ಹೆಂಗಸರೆಲ್ಲ ಅವಳ ಹಿಂದೆ ಹೊರಟರು.

*

ಮೈದಾನದಲ್ಲಿ ಥಾನು ಉರುಳಿಸಿದರು. ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ದೂರದಲ್ಲಿ ಹ್ಯಾಲಕ್ ಮತ್ತು ನೀಲಿ ಕೋಟಿನ ಇಬ್ಬರು ಅಧಿಕಾರಿಗಳು ತಿರುಗಿ ನೋಡಿದರು.

ಪೆತ್ರೊನೆಲಾ ಏದುಸಿರು ಬಿಡುತ್ತ ಬಂದು ನಿಂತಾಗ ಅವಳಿಗೆ ಶಿಲುಬೆ ಕಾಣಲಿಲ್ಲ. ಹತ್ತು ಹೆಜ್ಜೆಯಿಂದಲೇ ಕಾಣಲಿಲ್ಲ. ಹೊಸ ಹಿಮ, ಅದರ ಮೇಲೆ ಹೊಸ ಬಟ್ಟೆ. ಬಿಳಿಯ ಮೇಲೆ ಬಿಳಿ.

ಮೇಲೆ ಇಂಜಿನ್ನಿನ ಏರುದನಿ ನಿಂತು, ಸಮವಾಯಿತು. ಇನ್ನು ಧುಮುಕುವುದೊಂದೇ ಬಾಕಿ.

ಸಲೋಮೆಯಾ ಬಟ್ಟೆಯ ನಡುವೆ ಮಂಡಿಯೂರಿದ್ದಳು. ಅದನ್ನು ಕೈಯಿಂದ ಬಡಿಯುತ್ತಿದ್ದಳು, ಬಡಿದರೆ ಕಪ್ಪಾಗುತ್ತದೆ ಎಂಬಂತೆ.

ಆಗ ಬ್ರೊನ್ಯಾ ತನ್ನ ಕೋಟು ಕಳಚಿದಳು. ಕಪ್ಪು ಕೋಟು, ಇದ್ದದ್ದು ಅದೊಂದೇ. ಬಿಳಿ ಬಟ್ಟೆಯ ಮೇಲೆ ಹಾಸಿದಳು.

"ಕೋಟು ತನ್ನಿ," ಎಂದಳು. "ಎಲ್ಲರದ್ದೂ."

ಹೆಂಗಸರು ಹಾಲಿಗೆ ಓಡಿ ತೋಳು ತುಂಬ ತಂದರು. ಒಂದರ ತುದಿಗೆ ಒಂದು, ತೋಳಿಗೆ ತೋಳು ತಾಗಿಸಿ. ಮೂವತ್ತಕ್ಕೂ ಹೆಚ್ಚು ಕೋಟು ಹಿಮದ ಮೇಲೆ ಮಲಗಿದವು. ಕಪ್ಪು ಶಿಲುಬೆ ನಿಧಾನವಾಗಿ ಉದ್ದವಾಯಿತು.

ಮೋಡಗಳ ನಡುವೆ ವಿಮಾನ ಮೂಗು ತಗ್ಗಿಸಿತು. ಸಲೋಮೆಯಾ ಕಣ್ಣು ಮುಚ್ಚಿದಳು. ಸ್ಟಾಶೆಕ್‌ನ ಮುಖ ಕಾಣುವಷ್ಟು ಹತ್ತಿರವಲ್ಲ, ಆದರೆ ಮೂಗು ಮತ್ತೆ ಮೇಲೆದ್ದದ್ದು ಎಲ್ಲರಿಗೂ ಕಂಡಿತು. ಇಂಜಿನ್ನಿನ ಗುಡುಗು ತಗ್ಗಿತು. ಕೆಂಪು ಬಾಲ ಮೈದಾನವನ್ನು ಒಂದು ಸುತ್ತು ಹಾಕಿ, ಇಳಿದು, ಹಿಮ ಚೆಲ್ಲುತ್ತ ಬಂದು ನಿಂತಿತು.

ಸ್ಟಾಶೆಕ್ ಕೆಳಗೆ ಹಾರಿ, "ಏನಾಯ್ತು? ಯಾರು ಸತ್ರು?" ಎಂದ. ತಾಯಿ ಅವನ ಕೆನ್ನೆಗೆ ಒಂದು ಬಾರಿಸಿ, ಆಮೇಲೆ ಅಪ್ಪಿಕೊಂಡಳು.

ಆಗಲೇ ಪೆತ್ರೊನೆಲಾಗೆ ತನ್ನ ಕಂಕುಳು ಬರಿದಾಗಿರುವುದು ತಿಳಿದದ್ದು.

ರೆಕ್ಕೆಯ ಬಟ್ಟೆ ಸಲೋಮೆಯಾಳ ಮೇಜಿನ ಮೇಲೇ ಉಳಿದಿತ್ತು. ಅಧಿಕಾರಿಗಳ ಪಕ್ಕದಲ್ಲಿ ಹ್ಯಾಲಕ್ ಇರಲಿಲ್ಲ. ಅವನು ರೆಕ್ಕೆ ಹಾಲಿನ ಬಾಗಿಲಿನಿಂದ ಹೊರಗೆ ಬರುತ್ತಿದ್ದ, ಅವಸರವಿಲ್ಲದೆ, ಕೋಟಿನ ಎದೆಗುಂಡಿ ಹಾಕಿಕೊಳ್ಳುತ್ತ. ಕೋಟಿನ ಎಡಭಾಗ ಉಬ್ಬಿತ್ತು.

"ಕೊಡಿ ಅದನ್ನ," ಎಂದಳು ಪೆತ್ರೊನೆಲಾ.

"ಯಾವುದನ್ನ?" ಎಂದ ಹ್ಯಾಲಕ್. ಆಮೇಲೆ ಎಲ್ಲರಿಗೂ ಕೇಳುವಂತೆ, "ಯಾಕೆ ಇಳಿಸಿದ್ರಿ ವಿಮಾನಾನ? ಮಿಸೆಸ್ ಕುಬ್ಯಾಕ್, ರೆಕ್ಕೆಯಲ್ಲಿ ಏನಾದ್ರೂ ದೋಷ ಇದೆ ಅಂತ ನೀವು ಹೇಳ್ತೀರಾ? ಹೇಳಿ, ಈ ಅಧಿಕಾರಿಗಳು ಬರ್ಕೊಳ್ತಾರೆ. ಹೇಳಿದ್ರೆ ನಿಮ್ಮ ಮಗನಿಗೆ ಇದೇ ಕೊನೇ ಹಾರಾಟ. ನಿಮ್ಮ ಹಾಲಿಗೂ."

ಸಲೋಮೆಯಾ ಮಗನ ಭುಜದ ಮೇಲಿಂದ ನೋಡಿದಳು. ಹ್ಯಾಲಕ್‌ನ ಕಡೆ, ಪೆತ್ರೊನೆಲಾ ಕಡೆ, ಕೋಟಿಲ್ಲದೆ ನಡುಗುತ್ತಿದ್ದ ಬ್ರೊನ್ಯಾ ಕಡೆ. ಮಗನ ಬೆನ್ನಿನ ಚರ್ಮದ ಅಂಗಿ ಅವಳ ಮುಷ್ಟಿಯಲ್ಲಿ ಬಿಗಿಯಾಗಿತ್ತು. ಬಿಸಿಯಾಗಿ, ಬದುಕಿ, ಇದ್ದ ಮಗ.

ಹೆದರಿದ ತಾಯಂದಿರು ಎಲ್ಲ ಹೇಳುತ್ತಾರೆ. ಮಗ ವಾಪಸು ಸಿಕ್ಕ ತಾಯಂದಿರು ಹೇಳಿದ್ದನ್ನೂ ನುಂಗುತ್ತಾರೆ. ಪೆತ್ರೊನೆಲಾ ಅದನ್ನು ಕೊಠಡಿಯ ಕಂಬಿಗಳ ಈಚೆಯಿಂದ ಎಷ್ಟೋ ಸಲ ಕಂಡಿದ್ದಳು.

"ನನಗೆ ಏನೋ ಭಯ ಆಯ್ತು," ಎಂದಳು ಸಲೋಮೆಯಾ. "ಹೆಂಗಸಿನ ಭಯ. ರೆಕ್ಕೇಲಿ ಏನೂ ಇಲ್ಲ."

ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳೂ ಬಾಯಿ ತೆರೆಯಲಿಲ್ಲ. ಎಲ್ಲರೂ ಕೇಳಿಸಿಕೊಂಡಿದ್ದರು. ಒಬ್ಬೊಬ್ಬಳೇ ಬಗ್ಗಿ ತನ್ನ ಕೋಟನ್ನು ಹುಡುಕಿಕೊಳ್ಳತೊಡಗಿದಳು.

ಬ್ರೊನ್ಯಾ ತನ್ನದನ್ನು ಹುಡುಕಲಿಲ್ಲ. ನೇರ ಸಲೋಮೆಯಾ ಹತ್ತಿರ ಹೋದಳು. ಹೊಡೆಯುತ್ತಾಳೆಂದು ಸ್ಟಾಶೆಕ್ ಕೈ ಅಡ್ಡ ತಂದ. ಹೊಡೆಯಲಿಲ್ಲ. ಸಲೋಮೆಯಾಳ ಸೊಂಟದ ಪಟ್ಟಿಯಿಂದ ಕತ್ತರಿಯನ್ನು ಬಿಚ್ಚಿಕೊಂಡಳು. ಸಲೋಮೆಯಾ ತಡೆಯಲಿಲ್ಲ, ಕೆಳಗೂ ನೋಡಲಿಲ್ಲ.

"ಎರಡಕ್ಕೂ ಬರೆದೆ ಅಂದ್ರಿ, ಕುಮಾ," ಎಂದಳು ಬ್ರೊನ್ಯಾ. "ಒಂದೇ ಜಾಗದಲ್ಲಿ."

ವಿಮಾನದ ಚಕ್ರದ ಮೇಲೆ ಕಾಲಿಟ್ಟು ಕೆಳರೆಕ್ಕೆಗೆ ಹತ್ತಿದಳು. ಮೇಲಿನ ಎಡರೆಕ್ಕೆಯ ಪಕ್ಕೆಗಳನ್ನು ಬೆರಳಿನಿಂದ ಎಣಿಸುತ್ತ ಹೊರಟಳು. ಒಂದು. ಎರಡು. ಮೂರು.

"ಏನು ಮಾಡ್ತಿದಾಳೆ ಆ ಹೆಂಗಸು?" ಎಂದ ಅಧಿಕಾರಿಗಳಲ್ಲಿ ಒಬ್ಬ. "ಯಾರು ಅವಳು?"

"ಬ್ರೊನ್ಯಾ ಗಾಯ್ದಾ," ಎಂದ ಹ್ಯಾಲಕ್. "ನಾಳೆ ಅವಳ ವಿಚಾರಣೆ ಇದೆ. ರೆಕ್ಕೆ ಹಾಳುಮಾಡಿದ್ದಕ್ಕೆ."

ನಾಲ್ಕು. ಐದು. ಬ್ರೊನ್ಯಾ ಕತ್ತರಿ ತೆರೆದಳು.

ಹ್ಯಾಲಕ್ ಕೂಗಬೇಕಿತ್ತು. ಓಡಿಹೋಗಿ ಅವಳ ಕಾಲು ಹಿಡಿದು ಎಳೆಯಬೇಕಿತ್ತು. ಅವನು ನಿಂತಲ್ಲೇ ನಿಂತು ಸಿಗರೇಟು ಹಚ್ಚಿಕೊಂಡ. ಕಡ್ಡಿ ಹಿಡಿದ ಕೈ ಒಂದಿಷ್ಟೂ ಅಲುಗಲಿಲ್ಲ.

ಪೆತ್ರೊನೆಲಾ ಆ ಕೈಯನ್ನು ನೋಡಿದಳು. ಆಮೇಲೆ ರೆಕ್ಕೆಯನ್ನು ನೋಡಿದಳು. ಐದನೆಯ ಪಕ್ಕೆಯ ತಲೆಭಾಗದಲ್ಲಿ, ಅಂಗೈ ಅಗಲದ ಜಾಗದಲ್ಲಿ, ಹಳದಿ ಬಣ್ಣ ಸುತ್ತಲಿನದಕ್ಕಿಂತ ಒಂದು ಛಾಯೆ ಹೊಸದಾಗಿತ್ತು. ಅಲ್ಲಿ ಯಾರೋ ಆಗಲೇ ಕೊಯ್ದು ತೇಪೆ ಹಾಕಿದ್ದರು.

"ಬ್ರೊನ್ಯಾ," ಎಂದಳು, "ನಿಲ್ಲು."

ಬಿಗಿದ ಬಟ್ಟೆ ಸೀಳಿದ ಸದ್ದು ಮೈದಾನದ ಆಚೆ ತುದಿಗೂ ಕೇಳಿತು.